ತಿದ್ದದೆ ಉಳಿದ ಪಾಠ

ಹಾರೆ ಮತ್ತೆ ಖಣ್ ಎಂದು ಬಡಿದು ನರಸಿಂಹರಾಜುವಿನ ಕೈಯಿಂದ ಹಾರಿ ಗುಣಿಯ ಅಂಚಿಗೆ ಬಿತ್ತು. ಅವನು ಕುಕ್ಕರಗಾಲಲ್ಲಿ ಕೂತು ತಳದ ಮಣ್ಣನ್ನು ಅಂಗೈಯಿಂದ ಸವರಿ, ಚೊಂಬಿನ ನೀರು ಚಿಮುಕಿಸಿದ. ಕಲ್ಲು ಕಾಡಿಗೆಯ ಹಾಗೆ ಕಪ್ಪಗೆ ಹೊಳೆಯಿತು.

"ಮೂರ್ನೇ ತಾವು ಕಣಕ್ಕ ಇದು," ಎಂದು ಮೇಲೆ ನಿಂತಿದ್ದ ಗಂಗಾಂಬಿಕಾಳ ಕಡೆ ಮುಖವೆತ್ತಿದ. "ಎಲ್ ಅಗುದ್ರೂ ಮಂಡಿಯುದ್ದಕ್ಕೇ ಕರಿಕಲ್ಲು. ಬಿಳಿಕಲ್ಲಾಗಿದ್ರೆ ಸೀಳ್ಬೌದಿತ್ತು. ಇದ್ರ ತಾವ ನಮ್ಮಾಟ ನಡೆಯಾಕಿಲ್ಲ."

"ಮದ್ಗಿರಿಯಿಂದ ಬ್ರೇಕರ್ ತರ್ಸಾನ ಬುಡು," ಎಂದರು ಚಿಕ್ಕಪ್ಪ ಮಲ್ಲಿಕಾರ್ಜುನಯ್ಯ.

"ತರ್ಸಿ ಸ್ವಾಮಿ. ಅದೂ ಎರಡ್ ದಿನ ಕುಟ್ಬೇಕು. ಅಲ್ಲೀಗಂಟ ಮೇಷ್ಟ್ರನ್ನ ಜಗಲಿ ಮ್ಯಾಲೆ ಕೂರಿಸ್ಕಂಡಿರ್ತೀರಾ?"

ಗಂಗಾಂಬಿಕಾ ಗಡಿಯಾರ ನೋಡಿಕೊಂಡಳು. ಹನ್ನೆರಡೂ ಮುಕ್ಕಾಲು. ಡಿಸೆಂಬರಿನ ಸೂರ್ಯ ಆರಕ್ಕೆ ಐದು ನಿಮಿಷ ಇರುವಾಗಲೇ ಮುಳುಗುತ್ತಾನೆ. ಅಷ್ಟರೊಳಗೆ ಅಪ್ಪನನ್ನು ಮಣ್ಣಿನೊಳಗೆ ಕೂರಿಸಬೇಕು. ಮಲಗಿಸುವ ಪದ್ಧತಿ ಅವರದಲ್ಲ. ಎದೆಯುದ್ದ ಅಗೆದು, ಪಕ್ಕದ ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಪದ್ಮಾಸನದಲ್ಲಿ ಕೂರಿಸಬೇಕು. ಮೆತ್ತನೆಯ ಆಳವಾದ ಮಣ್ಣಿಲ್ಲದೆ ಗೂಡು ನಿಲ್ಲುವುದಿಲ್ಲ. ಮನೆತನದ ಸಮಾಧಿಗಳ ಹಳೆಯ ಸಾಲಿನಲ್ಲಿ ಅಮ್ಮನದೇ ಕೊನೆಯದು. ಅದರಾಚೆ ಪಾವಗಡದ ರಸ್ತೆ ಅಗಲವಾಗಿ ಬಂದು ನಿಂತಿದೆ.

ಆ ಕಪ್ಪು ಕಲ್ಲು ಅವಳಿಗೆ ಹೊಸದಲ್ಲ. ಹತ್ತು ವರ್ಷದವಳಿದ್ದಾಗ ಅಪ್ಪ ಇದೇ ಹೊಲದಲ್ಲಿ ಅವಳನ್ನು ನಡೆಸಿಕೊಂಡು ಹೋಗಿ ಅದರ ಸಾಲು ತೋರಿಸಿದ್ದರು. ಈ ಸೀಮೆಯ ಬಿಳಿ ಬಂಡೆ ಬಿರುಕು ಬಿಟ್ಟಾಗ ಕೆಳಗಿನಿಂದ ಕಾದ ಶಿಲಾಪಾಕ ಮೇಲಕ್ಕೆ ನುಗ್ಗಿತು, ಹೊರಗೆ ಬರಲು ದಾರಿಯಾಗದೆ ಬಿರುಕಿನಲ್ಲೇ ತಣ್ಣಗಾಯಿತು ಎಂದಿದ್ದರು. "ಸಿಡಿಯೋಕೆ ಹೋಗಿ ಸಿಡೀಲಾರದ ಜ್ವಾಲಾಮುಖಿ ಅಂದ್ಕೊ. ಆದ್ರೆ ಪರೀಕ್ಷೆಯಲ್ಲಿ ಹಂಗೆ ಬರೀಬೇಡ, ಮಾರ್ಕ್ಸ್ ಕೊಡಲ್ಲ."

ಅಂದರೆ ಈ ಮೂಲೆಯಲ್ಲಿ ಅಗೆಯಲಾಗದು ಎಂದು ಅಪ್ಪನಿಗೆ ಗೊತ್ತಿತ್ತು. ಈ ಮೂಲೆಯನ್ನು ಆರಿಸಿದವರು ಚಿಕ್ಕಪ್ಪ. ಕಾರಣ ಎಲ್ಲರಿಗೂ ತಿಳಿದದ್ದೇ: ಮಂಜಮ್ಮನ ಹೊಲದ ಬದುವಿನಿಂದ ಎಷ್ಟು ದೂರವಾದರೆ ಅಷ್ಟು ಒಳ್ಳೆಯದು.

ನರಸಿಂಹರಾಜು ಮೇಲೆ ಹತ್ತಿ ಬಂದು ಟವೆಲಿನಲ್ಲಿ ಮುಖ ಒರೆಸಿಕೊಂಡ. "ಒಂದ್ ಮಾತು ಏಳ್ತೀನಿ, ಬೈಬ್ಯಾಡಿ. ಮಳೆ ನೀರೆಲ್ಲ ಅರ್ದು ಮೆಕ್ಕಲು ನಿಂತಿರಾದು ಮಂಜಮ್ಮಾರ ಹೊಲ್ದಾಗೆ. ಬದಾ ದಾಟಿ ನಾಕ್ ಮಾರು ವೋದ್ರೆ ಆಳುದ್ದ ಮಣ್ಣು. ಮೂರ್ ಗಂಟೇಲಿ ಗೂಡೂ ತೆಗೆದ್ಬುಡ್ತೀನಿ."

"ಲೇ ನರಸಿಂಹ, ಬಾಯ್ಮುಚ್ಕೊಂಡ್ ಅಗಿ," ಎಂದರು ಚಿಕ್ಕಪ್ಪ. "ನಮ್ಮಣ್ಣನ್ನ ನೋಡಿ ಹದಿನಾಲ್ಕು ವರ್ಸ ಮೊಕ ತಿರುಗ್ಸಿದ ಹೆಂಗ್ಸು ಅದು. ಅವಳ ತಾವ ಹೋಗಿ ಕೈಯೊಡ್ಡಾದಾ?"

"ನಾನು ಕೇಳ್ತೀನಿ," ಎಂದಳು ಗಂಗಾಂಬಿಕಾ.

"ನೀನಾ? ಹೆಣ್ಮಗಳು ಹೋಗಿ..."

"ಅಗೆದವರಿಗೆ ಮಜ್ಜಿಗೆ ಕೊಡ್ಸಿ ಚಿಕ್ಕಪ್ಪ. ಬಂದೆ."

"ಎಲೆ ಅಡಿಕೆ ಮಡಗಿ ಕೇಳಕ್ಕ," ಎಂದು ನರಸಿಂಹರಾಜು ಹಿಂದಿನಿಂದ ಕೂಗಿದ. "ಆಯಮ್ಮ ಎಲೆ ಮುಟ್ಟುದ್ರೆ ಜಾಗ ಕೊಟ್ಟಂಗೆ. ಅಂಗೇ ಒಂದ್ ಬಾಳೆದಿಂಡು ಕಳ್ಸಿ. ತೆಗ್ದ ಗುಣಿ ಬರೀದು ಮುಚ್ಬಾರ್ದು, ದಿಂಡು ಮಡಗಿ ಮುಚ್ಬೇಕು."

*

ಎಲೆ ಅಡಿಕೆಗೆಂದು ಮನೆಗೆ ಬಂದಳು. ಜಗಲಿಯಲ್ಲಿ ಅಪ್ಪ, ಚನ್ನಮಲ್ಲಯ್ಯ ಮೇಷ್ಟ್ರು, ಗೋಡೆಗೆ ಒರಗಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಗದ್ದಕ್ಕೆ ಕಟ್ಟಿದ ಬಿಳಿ ಬಟ್ಟೆಯಿಂದಾಗಿ ಹಲ್ಲುನೋವು ಬಂದವರ ಹಾಗೆ ಕಾಣುತ್ತಿದ್ದರು. ಅಯ್ಯನವರು ಬಿಲ್ವಪತ್ರೆಯ ಬುಟ್ಟಿ ಮುಂದಿಟ್ಟುಕೊಂಡು, ಗುಣಿ ಆಯಿತೇ ಎಂದು ಕಣ್ಣಲ್ಲೇ ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಅಂಗಳದ ಬೇವಿನ ಮರದಡಿ ಅಪ್ಪನ ಹಳೆಯ ವಿದ್ಯಾರ್ಥಿಗಳು ಕೂತಿದ್ದರು. ಮಧುಗಿರಿ–ಪಾವಗಡ ಬಸ್ಸಿನ ಕಂಡಕ್ಟರ್ ಯುವರಾಜ್, ಸಿರಾದಲ್ಲಿ ಮರದ ಕೆಲಸದ ಅಂಗಡಿ ಇಟ್ಟಿರುವ ಅಕ್ಬರ್. ಇಬ್ಬರೂ ಪುರವರದ ಹೈಸ್ಕೂಲಿನಲ್ಲಿ ತೊಂಬತ್ತನೇ ಇಸವಿಯ ಎಸ್ಸೆಸ್ಸೆಲ್ಸಿ.

"ಹೋದ ತಿಂಗ್ಳು ಫೋನ್ ಮಾಡಿದ್ರು ಕಣ್ಲಾ," ಎನ್ನುತ್ತಿದ್ದ ಅಕ್ಬರ್. "'ಅಕ್ಬರ್, ಗುಬ್ಬಿ ಸಿಡೀತು' ಅಂದ್ರು. ನಮ್ ಸಾಡೂ, ಅದೇ ಷಡ್ಕ, ಗುಬ್ಬೀಲೇ ಇರೋದು. ಯಾ ಅಲ್ಲಾ, ಸಿಲಿಂಡರ್ ಗಿಲಿಂಡರ್ ಸಿಡೀತಾ ಅಂತ ಎದೆ ಹೊಡ್ಕೊಂಡ್ಬುಡ್ತು. ಆಮ್ಯಾಕೆ ಹೇಳ್ತಾರೆ, 'ತುಮಕೂರು ಗುಬ್ಬಿ ಅಲ್ವೋ, ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ. ಹನ್ನೆರಡು ಸಾವಿರ ವರ್ಷ ಮಲ್ಗಿತ್ತು, ಬೂದಿ ದಿಲ್ಲೀವರ್ಗೂ ಬಂದೈತೆ' ಅಂತ."

"ನಿಂಗೆ ಫೋನಾದ್ರೂ ಬಂತು," ಎಂದ ಯುವರಾಜ್. "ನನ್ ಮದ್ವೇಲಿ ಏನಾಯ್ತು ಗೊತ್ತಾ? ಧಾರೆ ಮುಗ್ದು ಎಲ್ಲ ಬಂದು ಕವರ್ ಕೊಡ್ತಾವ್ರೆ. ಮೇಷ್ಟ್ರು ಬಂದವ್ರೆ ಕಿವಿ ತಾವ ಬಗ್ಗಿ, 'ಲೇ ಯುವರಾಜ, ಬ್ಯಾರನ್ ದ್ವೀಪದ ಜ್ವಾಲಾಮುಖಿ ಸುಪ್ತ ಅಂತ ನಿಂಗೆ ಹೇಳ್ಕೊಟ್ಟಿದ್ನಲ್ಲ, ಅದು ತಪ್ಪು. ನೀವು ಸ್ಕೂಲ್ ಬಿಟ್ಟ ಮಾರನೇ ವರ್ಷವೇ ಎದ್ಬುಟ್ಟಿದೆ. ಜಾಗೃತ ಅಂತ ತಿದ್ಕೊ' ಅಂದ್ರು. ನನ್ ಹೆಂಡ್ರು ಗಾಬ್ರಿಯಾಗಿ, ಯಾರ್ರೀ ಎದ್ದಿದ್ದು ಅಂತಾಳೆ!"

ನಗು ಬಂತು, ಜಗಲಿಯ ಕಡೆ ನೋಡಿ ತಡೆದುಕೊಂಡರು.

"ಆ ಬ್ಯಾಚಲ್ಲಿ ನಲವತ್ತೊಂದು ಜನ," ಎಂದ ಅಕ್ಬರ್. "ಎಲ್ಲಾರ್ಗೂ ಹುಡುಕ್ಕೊಂಡ್ ಹೋಗಿ ಹೇಳವ್ರೆ. ಯಾರಿಗ್ ಬೇಕಿತ್ತು? ನಾನು ಬಾಗ್ಲು ಕಿಟಕಿ ಮಾಡೋನು."

ಗಂಗಾಂಬಿಕಾಳಿಗೆ ಅದು ಗೊತ್ತಿತ್ತು. ಅಪ್ಪನ ಉದ್ದ ನೋಟ್‌ಬುಕ್ಕಿನಲ್ಲಿ ಆ ನಲವತ್ತೊಂದು ಹೆಸರುಗಳೂ ಇದ್ದವು, ಒಂದೊಂದರ ಮುಂದೆಯೂ ಟಿಕ್ಕು. ಉಳಿದ ಪುಟಗಳಲ್ಲೆಲ್ಲ ಜ್ವಾಲಾಮುಖಿಗಳು: ಹೆಸರು, ದೇಶ, ಈ ಹಿಂದೆ ಸಿಡಿದ ವರ್ಷ, ವರ್ಗ. ರೇಡಿಯೋ ವಾರ್ತೆಯಿಂದ, ಪತ್ರಿಕೆಯಿಂದ, ಆಮೇಲೆ ಮೊಬೈಲಿನಿಂದ ಬರೆದುಕೊಂಡದ್ದು. ಐನೂರು ವರ್ಷ ಮಲಗಿದ್ದು ಎದ್ದ ಪಿನಾಟುಬೊ, ನಿದ್ದೆಯೇ ಇಲ್ಲದ ಎಟ್ನಾ. ಮಿಕ್ಕಿದ್ದೆಲ್ಲ ಶಾಯಿಯಲ್ಲಿ, ಜಾಗೃತ, ಸುಪ್ತ, ಲುಪ್ತ ಎಂಬ ವರ್ಗದ ಕಾಲಂ ಮಾತ್ರ ಪೆನ್ಸಿಲಿನಲ್ಲಿ. "ಲುಪ್ತ ಅಂತ ಬರೆಯೋವಾಗ ಕೈ ಹಗುರ ಇರ್ಲಿ," ಎನ್ನುತ್ತಿದ್ದರು. "ಅಳಿಸೋ ಹಂಗಿರಬೇಕು."

ಅವಳು ಒಳಗೆ ಹೋಗಿ ತಟ್ಟೆಯಲ್ಲಿ ಎರಡು ಕವಳೆಯಷ್ಟು ಎಲೆ, ಅಡಿಕೆ ಇಟ್ಟುಕೊಂಡಳು. ಅಡಿಕೆ ತಟ್ಟೆಯಿಂದ ಉರುಳಿತು. ಎತ್ತಿಟ್ಟರೆ ಮತ್ತೆ ಉರುಳಿತು. ನಲವತ್ತೊಂದು ಜನರಿಗೆ ತಿದ್ದಿದ ಮನುಷ್ಯ ಒಂದನ್ನು ಮಾತ್ರ ತಿದ್ದದೆ ಹೋದರು. ಅದನ್ನು ಅವರು ತಿದ್ದುವ ಹಾಗಿರಲಿಲ್ಲ. ತಪ್ಪು ಅವರದಾಗಿರಲಿಲ್ಲ.

*

ಎರಡು ಸಾವಿರದ ಹನ್ನೊಂದು, ಜೂನ್. ಅವಳು ಕೊರಟಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿ ಎರಡು ವರ್ಷವಾಗಿತ್ತು. ಎರಡು ಗಂಟೆಗೆ ಪ್ರಾಕ್ಟಿಕಲ್ಸ್. ಎರಡಕ್ಕೆ ಐದು ನಿಮಿಷವಿದೆ ಎನ್ನುವಾಗ ಅಪ್ಪನ ಫೋನು ಬಂತು.

"ಗಂಗಾ, ಒಂದು ವಿಷಯ ಕೇಳ್ಬೇಕಿತ್ತು. ಮಂಜಮ್ಮನ ಹೊಲದಲ್ಲಿ ಬೆಳಿಗ್ಗೆಯಿಂದ ನೆಲದೊಳಗಿಂದ ಕೆಂಪಗೆ ಪಾಕ ಉಕ್ತಾ ಇದೆ. ನಾನೂ ದೂರದಿಂದ ನೋಡ್ದೆ. ಕಲ್ಲು ಕರಗಿದ ಹಾಗೇ ಇದೆ. ಊರೋರೆಲ್ಲ ಜ್ವಾಲಾಮುಖಿ ಅಂತ ಮಿಡಿಗೇಶಿಗೆ ಗಂಟುಮೂಟೆ ಕಟ್ತಾ ಇದಾರೆ. ಟೀವಿಯವರು ಬರ್ತಾರಂತೆ."

ಅವಳಿಗೆ ನಗು ಬಂತು. "ಅಪ್ಪಾ, ನೀವೇ ಹೀಗಂದ್ರೆ ಹೇಗೆ? ನಮ್ಮ ನೆಲ ಇನ್ನೂರೈವತ್ತು ಕೋಟಿ ವರ್ಷದ್ದು. ಇಲ್ಲೆಲ್ಲಿ ಜ್ವಾಲಾಮುಖಿ?"

"ಅದು ಗೊತ್ತು. ಜ್ವಾಲಾಮುಖಿ ಅಲ್ಲ. ಆದ್ರೆ ಏನು ಅಂತ ಗೊತ್ತಾಗ್ತಿಲ್ಲ. ಕಂಬದ ಪಕ್ಕದಲ್ಲೇ ಇದೆ ನೋಡು, ಬುಡದಲ್ಲಿ, ಅದಕ್ಕೇ..."

ಗಂಟೆ ಹೊಡೆಯಿತು. ಹುಡುಗಿಯರು ಲ್ಯಾಬಿನ ಬಾಗಿಲಲ್ಲಿ ಸಾಲು ನಿಂತಿದ್ದರು.

"ಯಾರೋ ಕಸಕ್ಕೆ ಬೆಂಕಿ ಹಾಕಿರ್ತಾರೆ ಅಪ್ಪ. ಪ್ಲಾಸ್ಟಿಕ್ ಕರಗಿರತ್ತೆ. ಏನೂ ಆಗಲ್ಲ, ಹೆದರ್ಬೇಡಿ ಅಂತ ಹೇಳಿ ಅವರಿಗೆ. ಕ್ಲಾಸಿದೆ, ಇಡ್ತೀನಿ."

ಕಂಬ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ತಂತಿ ಹಿಡಿದ ಪಿಂಗಾಣಿ ಒಡೆದರೆ ಹೈಟೆನ್ಷನ್ ತಂತಿಯ ಕರೆಂಟು ಕಂಬದೊಳಗಿನ ಕಬ್ಬಿಣದಲ್ಲಿ ಇಳಿದು, ಹಸಿ ನೆಲದಲ್ಲಿ ಹರಿದು, ಬುಡದ ಮಣ್ಣನ್ನೇ ಗಾಜಿನಂತೆ ಕರಗಿಸಬಲ್ಲದು. ಅದು ಅವಳೇ ಪಾಠ ಮಾಡುವ ವಿಷಯ. ಆವತ್ತು ಮೂರೂವರೆಗೆ, ಹುಡುಗಿಯೊಬ್ಬಳ ಮೀಟರಿನ ಮುಳ್ಳು ನೋಡುತ್ತಿದ್ದಾಗ ಅದು ಅವಳಿಗೆ ಹೊಳೆಯಿತು. ಕಾರಿಡಾರಿಗೆ ಓಡಿ ಬಂದು ಫೋನು ಮಾಡಿದಳು. ಅಪ್ಪ ಎತ್ತಲಿಲ್ಲ.

ಎರಡೂವರೆಗೇ ಎಲ್ಲ ಮುಗಿದಿತ್ತು. ಮೇಷ್ಟ್ರು ಊರ ಕಟ್ಟೆಯ ಮೇಲೆ ನಿಂತು, ಹೆದರಬೇಡಿ, ಏನೂ ಆಗುವುದಿಲ್ಲ ಎಂದು ಹೇಳಿದ್ದರು. ಕಟ್ಟಿದ ಗಂಟುಗಳು ಬಿಚ್ಚಿಕೊಂಡವು. ಮಂಜಮ್ಮನ ಗಂಡ ಚಿಕ್ಕನರಸಯ್ಯ, ಅದೇನೆಂದು ಮೇಷ್ಟ್ರಿಗೇ ಒಂದು ಹೆಂಟೆ ತಂದು ತೋರಿಸುತ್ತೇನೆಂದು, ಹೆಗಲ ಮೇಲೆ ಕಬ್ಬಿಣದ ಹಾರೆ ಇಟ್ಟುಕೊಂಡು ತನ್ನ ಹೊಲಕ್ಕೆ ಹೋದವನು ಜೀವಂತ ತಿರುಗಿ ಬರಲಿಲ್ಲ.

ಮಗಳಿಗೆ ಫೋನು ಮಾಡಿದ್ದೆನೆಂದು ಅಪ್ಪ ಪೊಲೀಸರಿಗೆ ಹೇಳಲಿಲ್ಲ, ಊರಿಗೆ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಆ ವಾರಾಂತ್ಯ ಅವಳು ಬಂದಾಗ, "ನೀನು ಪಾಠ ಬಿಡಬೇಡ," ಎಂದಷ್ಟೇ ಅಂದರು. ಅವಳು ಪಾಠ ಬಿಡಲಿಲ್ಲ. ಬಾಯಿಯನ್ನೂ ಬಿಡಲಿಲ್ಲ.

*

ಮಂಜಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗಂಗಾಂಬಿಕಾ ಬಾಗಿಲಲ್ಲಿ ನಿಂತದ್ದು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಮಂಜಕ್ಕ."

"ಕಲ್ಲು ಸಿಕ್ತಂತೆ," ಎಂದಳು ಮಂಜಮ್ಮ. "ಬೆಳಗ್ಗಿಂದ ಹಾರೆ ಸದ್ದು ಕೇಳುಸ್ತಾನೇ ಐತೆ."

"ಹೂಂ. ಮೂರು ಕಡೆ."

"ಮೇಷ್ಟ್ರು ಇದ್ದಿದ್ರೆ ಅಲ್ ಅಗೀಬ್ಯಾಡ್ರಲಾ ಅಂತಿದ್ರು."

ಗಂಗಾಂಬಿಕಾ ತಟ್ಟೆಯನ್ನು ನೆಲದ ಮೇಲಿಟ್ಟಳು. ಮಂಜಮ್ಮ ಎಲೆ ನೋಡಿದಳು, ಅವಳನ್ನು ನೋಡಿದಳು, ಮತ್ತೊಂದು ಕಾಯಿ ಎತ್ತಿಕೊಂಡಳು. ಕೇಳಬೇಕಾದ್ದನ್ನು ಇಬ್ಬರೂ ತಿಳಿದಿದ್ದರು. ಈಗ ಬರಿದೆ ಕೇಳಿದರೂ ಆಗುತ್ತಿತ್ತು. ಸತ್ತವರ ಜಾಗಕ್ಕೆ ಇಲ್ಲವೆನ್ನುವ ಹೆಂಗಸಲ್ಲ ಅವಳು ಎಂದು ಊರಿನ ಅರ್ಧ ಜನ ಹೇಳುತ್ತಿದ್ದರು. ಬಾಯಿ ಮುಚ್ಚಿಕೊಂಡು ಜಾಗ ಇಸಿದುಕೊಂಡು ಹೋಗಬಹುದಿತ್ತು.

"ಜಾಗ ಕೇಳೋಕೆ ಬಂದೆ. ಅದಕ್ಕೆ ಮುಂಚೆ ಒಂದು ಹೇಳ್ಬೇಕು ಮಂಜಕ್ಕ. ಕೇಳಿದ ಮೇಲೆ ಕೊಡಲ್ಲ ಅಂದ್ರೂ ಸರಿ."

ಮಂಜಮ್ಮ ಕಾಯಿ ಬಿಡಿಸಿ ಕಾಳನ್ನು ಬೋಸಿಗೆ ಹಾಕಿದಳು.

"ಆವತ್ತು ಹೆದರ್ಬೇಡಿ ಅಂತ ಹೇಳಿದ್ದು ಅಪ್ಪ ಅಲ್ಲ. ನಾನು. ಅಪ್ಪ ನಂಗೆ ಫೋನ್ ಮಾಡಿದ್ರು. ಏನು ಅಂತ ಗೊತ್ತಾಗ್ತಿಲ್ಲ ಅಂದ್ರು. ನಾನು ನಕ್ಕೆ. ಏನೂ ಆಗಲ್ಲ ಅಂತ ಹೇಳಿ ಅಂದೆ. ಅವರು ನನ್ನ ಮಾತನ್ನೇ ಬಂದು ಕಟ್ಟೆ ಮೇಲೆ ಹೇಳಿದ್ದು."

ಸುಲಿದ ಕಾಳು ಬೋಸಿಯೊಳಗೆ ಬೀಳುವ ಸದ್ದು ನಿಂತಿತು.

"ಕಂಬದ ತಾವ ಅಂತ ಹೇಳಿದ್ರಾ ಮೇಷ್ಟ್ರು?"

"ಹೇಳಿದ್ರು."

"ನಿಂಗ್ ಕೇಳುಸ್ತಾ?"

"ಕೇಳಿಸ್ತು."

"ಕೇಳುಸ್ಲಿಲ್ಲ ಅಂದಿದ್ರೆ ನಂಬ್ತಿದ್ದೆ ಕಣಮ್ಮ," ಎಂದಳು ಮಂಜಮ್ಮ. "ಹದಿನಾಲ್ಕು ವರ್ಸಕ್ಕೆ ಬಾಯ್ಬುಟ್ಟೆ. ಅದೂ ನೆಲ ಬೇಕಾದಾಗ."

"ನೆಲ ಬೇಕು ಅಂತ್ಲೇ ಹೇಳದೆ ಇರಬಹುದಿತ್ತು."

"ಅದೂ ದಿಟ್ವೇ."

ಹೊರಗೆ ಕೋಳಿಯೊಂದು ಕೆದಕುತ್ತಿತ್ತು. ಮಂಜಮ್ಮ ಅದರ ಕಡೆಗೆ ಒಂದು ಸಿಪ್ಪೆ ಎಸೆದಳು. "ಹನ್ನೊಂದ್ನೇ ದಿನ ನಿಮ್ಮಪ್ಪ ಬಂದಿದ್ರು. ಈಗ ನೀನ್ ನಿಂತಿದ್ದೀಯಲ್ಲ, ಅಲ್ಲೇ. 'ಮಂಜಮ್ಮ, ನಾನ್ ಹೇಳಿದ್ದು ತಪ್ಪಾಯ್ತು' ಅಂದ್ರು. ನಾನು ಅಂತ್ಲೇ ಅಂದ್ರು. ಮಗಳು ಅನ್ಲಿಲ್ಲ, ಫೋನು ಅನ್ಲಿಲ್ಲ. ನಾನು ಬುಡ್ಲಿಲ್ಲ. ನಾವು ಹೆದುರ್ಕಂಡೇ ಇದ್ವಲ್ಲ ಮೇಷ್ಟ್ರೆ, ಗಂಟು ಕಟ್ಟಿ ಗಾಡೀಗ್ ಹಾಕಿದ್ವಲ್ಲ, ನಮ್ ಹೆದ್ರಿಕೇನ ನೀವ್ಯಾಕೆ ಕಿತ್ಕಂಡ್ರಿ ಅಂದೆ. ಹೆದುರ್ಕಂಡಿದ್ರೆ ಬದುಕಿರ್ತಿದ್ದ ಕಣ್ರೀ ಅಂದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವರು ಸುಮ್ಕೆ ನಿಂತು ಎಲ್ಲಾನೂ ಅನ್ನುಸ್ಕಂಡ್ರು. ನಿನ್ ಪಾಲಿಂದೂ ಅನ್ನುಸ್ಕಂಡ್ರು ಅಂತ ನಂಗೇನ್ ಗೊತ್ತು?"

ಗಂಗಾಂಬಿಕಾ ತಲೆಯೆತ್ತಲಿಲ್ಲ. ಗಡಿಯಾರದ ಕಡೆಗೂ ನೋಡಲಿಲ್ಲ.

"ನಂದನ್ನ ನಂಗೇ ಬೈಯಿ ಮಂಜಕ್ಕ."

"ಬೈಯಾಕೆ ಈಗ ಹೊತ್ತೆಲ್ಲೈತೆ? ಗೂಡು ಕೊರೀಬೇಕು, ಹೊತ್ ಮುಳುಗ್ತೈತೆ." ಮಂಜಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ತಟ್ಟೆಯನ್ನು ಕಾಲಿಗೆ ತಾಗದ ಹಾಗೆ ಬಳಸಿ ಹೊರಗೆ ಇಳಿದಳು. ಎಲೆ ಮುಟ್ಟಲಿಲ್ಲ.

ಇದಕ್ಕೆ ಏನರ್ಥವೆಂದು ತಿಳಿಯದೆ ಗಂಗಾಂಬಿಕಾ ಹಿಂದೆಯೇ ಹೊರಟಳು. ಮಂಜಮ್ಮ ಒಮ್ಮೆಯೂ ತಿರುಗಿ ನೋಡಲಿಲ್ಲ. ಅರವತ್ತು ದಾಟಿದವಳ ನಡಿಗೆಗೆ ಇವಳು ಓಡಬೇಕಾಯಿತು.

*

ಬದುವಿನ ಮೇಲೆ ನರಸಿಂಹರಾಜು ಮತ್ತು ಅವನ ಇಬ್ಬರು ಆಳುಗಳು ಗುದ್ದಲಿ ಹಿಡಿದು ಕಾಯುತ್ತಿದ್ದರು. ಯುವರಾಜನೂ ಅಕ್ಬರನೂ ಪ್ಯಾಂಟು ಮಡಿಚಿಕೊಂಡು ಬಂದು ಸೇರಿದ್ದರು. ಚಿಕ್ಕಪ್ಪ ನಾಲ್ಕು ಹೆಜ್ಜೆ ಹಿಂದೆ, ಆಕಾಶ ನೋಡುತ್ತ ನಿಂತಿದ್ದರು.

"ಎಲೆ ಮುಟ್ಟುದ್ರಾ?" ಎಂದು ನರಸಿಂಹರಾಜು ಪಿಸುಗುಟ್ಟಿದ. ಗಂಗಾಂಬಿಕಾ ಇಲ್ಲವೆಂದಳು.

ಮಂಜಮ್ಮ ಬದು ಹತ್ತಿ ಇಳಿದು ತನ್ನ ಹೊಲದೊಳಗೆ ಹೋದಳು. ಅವರೆ ಗಿಡ ಮೊಣಕಾಲೆತ್ತರ ಬೆಳೆದು ಹೂವು ಕಾಯಿ ಎರಡೂ ಹೊತ್ತಿತ್ತು, ಗಾಳಿಯಲ್ಲಿ ಸೊಗಡು. ಕಂಬವನ್ನು ಕಿತ್ತು ರಸ್ತೆಯ ಬದಿಗೆ ಹಾಕಿ ಹತ್ತು ವರ್ಷವಾಗಿತ್ತು. ನಾಲ್ಕು ಮಾರು ನಡೆದು ಅವಳು ನಿಂತಳು. ಬಗ್ಗಿ ಒಂದು ಗಿಡ ಕಿತ್ತಳು. ಇನ್ನೊಂದು ಕಿತ್ತಳು. ಒಬ್ಬ ಮನುಷ್ಯ ಕೂರುವಷ್ಟು ಜಾಗದ ಗಿಡಗಳನ್ನೆಲ್ಲ ಕಾಯಿ ಸಮೇತ ಕಿತ್ತು ಪಕ್ಕಕ್ಕೆ ರಾಶಿ ಹಾಕಿದಳು.

ನರಸಿಂಹರಾಜುವಿಗೆ ಅಷ್ಟು ಸಾಕಾಯಿತು. ಗುದ್ದಲಿ ಹೆಗಲಿಗೇರಿಸಿ ಬದುವಿನಿಂದ ಕಾಲಿಳಿಸಿದ.

"ನಿಂತ್ಕಳ್ಳಾ ಅಲ್ಲೇ!"

ಅವನು ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡ. ಮಂಜಮ್ಮ ಮಂಡಿಯೂರಿದಳು. ಬಲಗೈಯನ್ನು ಮಗುಚಿ, ಅಂಗೈ ಮೇಲೆ ಮಾಡಿ, ಬೆರಳುಗಳ ಹಿಂಬದಿಯನ್ನು ಬರಿದಾದ ಮಣ್ಣಿಗೆ ತಾಗಿಸಿ ತಕ್ಷಣ ಎತ್ತಿದಳು. ಮತ್ತೆ ತಾಗಿಸಿದಳು. ಜ್ವರದ ಮಗುವಿನ ಹಣೆ ನೋಡುವ ಹಾಗೆ ಒಂದೊಂದೇ ಗೇಣು ಸರಿಯುತ್ತ ಆ ಜಾಗವನ್ನೆಲ್ಲ ಮುಟ್ಟಿ ನೋಡಿದಳು.

"ಇದ್ಯಾರು ಹೇಳ್ಕೊಟ್ಟಿದ್ದು ಮಂಜಕ್ಕ?"

"ಇನ್ಯಾರು? ಆವತ್ತು ಅಷ್ಟೆಲ್ಲ ಅನ್ನುಸ್ಕಂಡು ಹೊರಟೋರು ತಿರುಗಿ ಬಂದ್ರು. ಇನ್ಮ್ಯಾಕೆ ಹೊಲಕ್ಕಿಳಿಯಾಕೆ ಮುಂಚೆ ಇಂಗ್ ಮುಟ್ಟು, ಅಂಗೈಲಿ ಮುಟ್ಬ್ಯಾಡ, ಕರೆಂಟಿದ್ರೆ ಬೆರಳು ಮಡಚ್ಕಂಡು ಹಿಡ್ಕಂಬುಡ್ತೈತೆ ಅಂದ್ರು. ಕಂಬ ಕಿತ್ ಮ್ಯಾಲೂ ನಾನ್ ಬುಟ್ಟಿಲ್ಲ. ಬಿತ್ತಾವಾಗ, ಕಳೆ ಕೀಳಾವಾಗ. ದಿನಾ."

ಅದು ಅರ್ಧ ಪಾಠ. ಬರಿಗಾಲಲ್ಲಿ ಅದೇ ನೆಲದ ಮೇಲೆ ನಿಂತು ಮುಟ್ಟುವವರನ್ನು ಹಿಂಗೈ ಕಾಪಾಡುವುದಿಲ್ಲ. ಕರೆಂಟಿದ್ದರೆ ಕಾಲಿನಿಂದಲೇ ಹತ್ತುತ್ತದೆ. ಅದು ಗಂಗಾಂಬಿಕಾಳಿಗೆ ಗೊತ್ತಿತ್ತು. ಹೇಳಲು ತೆರೆದ ಬಾಯಿ ಹಾಗೆಯೇ ನಿಂತಿತು.

"ನೀನೂ ಮುಟ್ ನೋಡು ಬಾ," ಎಂದಳು ಮಂಜಮ್ಮ. "ಆಳುಗಳು ಇಳೀತಾರೆ."

ಗಂಗಾಂಬಿಕಾ ಚಪ್ಪಲಿ ಬದುವಿನ ಮೇಲೆ ಬಿಟ್ಟು ಇಳಿದಳು. ಮಂಜಮ್ಮನ ಪಕ್ಕದಲ್ಲಿ ಮಂಡಿಯೂರಿ, ಕೈ ಮಗುಚಿ, ಬೆರಳ ಹಿಂಬದಿಯನ್ನು ಮಣ್ಣಿಗಿಟ್ಟಳು. ಮಣ್ಣು ತಣ್ಣಗಿತ್ತು. ಅವಳು ಕೈ ಎತ್ತಲಿಲ್ಲ. ಬದುವಿನ ಮೇಲೆ ಆರೂ ಜನ ಗಂಡಸರು ಒಂದು ಕಾಲೂ ಮುಂದಿಡದೆ, ಕಿತ್ತ ಅವರೆ ಗಿಡಗಳ ಪಕ್ಕದಲ್ಲಿ ಅಂಗೈ ಮೇಲಾಗಿ ಬಿದ್ದಿದ್ದ ಆ ಎರಡು ಕೈಗಳನ್ನೇ ನೋಡುತ್ತ ನಿಂತಿದ್ದರು.